ಮೀಸಲು ಗಡಿಗೆ

ಕರ್ತನ ಬರುವಿಕೆಯನ್ನು ಕಾಯುವವರೆಲ್ಲ ಈ ಎರಡು ಗಡಿಗೆಗಳ ಮಾತನ್ನು ಒಮ್ಮೆ ಕೇಳಬೇಕು.

ಕುಂಬಾರನ ಒಂದೇ ಆವಿಗೆಯಲ್ಲಿ ಬೆಂದ ಅಕ್ಕತಂಗಿಯರು ಅವು. ಯಜಮಾನನು ದೂರದೇಶಕ್ಕೆ ಹೊರಡುವಾಗ ಎರಡನ್ನೂ ಜಗಲಿಯ ಮೇಲಿರಿಸಿ, "ನಾನು ಬರುವ ತನಕ ದಾರಿಹೋಕರಿಗೆ ನೀರು ಕೊಡುತ್ತಿರಿ" ಎಂದು ಹೇಳಿ ಹೋದನು. ನೀರು ತುಂಬಲು ಬಂದ ಆಳು ದೀನಮ್ಮನಿಗೆ ತಂಗಿ ಗಡಿಗೆ, "ನನ್ನನ್ನು ಮುಟ್ಟಬೇಡಮ್ಮ, ನಾನು ಯಜಮಾನರಿಗೇ ಮೀಸಲು" ಎಂದಿತು.

ಅಕ್ಕ ಗಡಿಗೆ ದಿನವೂ ತುಂಬಿತು, ದಿನವೂ ಬರಿದಾಯಿತು. ಬಂದವರ ತಂಬಿಗೆ ತಾಗಿ ತಾಗಿ ಅದರ ಕಂಠದ ಚಕ್ಕೆ ಹಾರಿತು.

"ಅಕ್ಕಾ, ಹೀಗೇ ಆದರೆ ಯಜಮಾನರು ಬರುವಷ್ಟರಲ್ಲಿ ನೀನು ಓಡಾಗಿ ತಿಪ್ಪೆ ಸೇರುತ್ತೀ."

ಅಕ್ಕನಿಗೂ ಆ ಭಯ ಇಲ್ಲದಿರಲಿಲ್ಲ. ಅವರ ಮುಖ ನೋಡುವ ಮೊದಲೇ ಒಡೆದುಹೋದರೆ? ಆದರೂ, "ಬಾಯಾರಿ ಬಂದವನಿಗೆ, ಯಜಮಾನರು ಬಂದ ಮೇಲೆ ಬಾ ಅನ್ನಲೇನೇ ತಂಗಿ?" ಎಂದು ಮತ್ತೆ ತುಂಬಿಸಿಕೊಂಡಿತು.

ಒಂದು ಮಧ್ಯಾಹ್ನ ಯಜಮಾನನು ಸುಳಿವು ಕೊಡದೆ ಬಂದನು. "ದೀನಮ್ಮ, ಬೇಗ ನನ್ನನ್ನು ತುಂಬಿಸು" ಎಂದು ತಂಗಿ ಅವಸರಪಡಿಸಿತು. ಯಜಮಾನನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟನು. ನೀರೆಲ್ಲ ಮಣ್ಣುವಾಸನೆ. ಆಮೇಲೆ ಅಕ್ಕನ ತಣ್ಣೀರನ್ನು ಹೊಟ್ಟೆ ತುಂಬ ಕುಡಿದನು.

"ಸ್ವಾಮೀ, ನಾನು ನಿಮಗೆಂದೇ ಮೀಸಲಾಗಿದ್ದೆ" ಎಂದು ತಂಗಿ ಅತ್ತಿತು.

"ಮಗಳೇ, ಹೊಸ ಗಡಿಗೆಯ ಮಣ್ಣುವಾಸನೆ ಹೋಗುವುದು ದಾರಿಹೋಕರು ಕುಡಿದು ಕುಡಿದೇ" ಎಂದ ಯಜಮಾನನು, ಚಕ್ಕೆ ಹಾರಿದ ಕಂಠವನ್ನು ಮೆಲ್ಲಗೆ ಸವರಿ, "ನನಗೆ ಮೀಸಲಾಗಿದ್ದವಳು ಇವಳು" ಎಂದನು.