ತಂಪು ಬೇಸಿಗೆಯ ಒಡ್ಡು

"ಬುದ್ಧೀ, ನನಗೆ ಸಿಟ್ಟು ಬಂದು ಎಷ್ಟು ಕಾಲವಾಯಿತೋ ನೆನಪೇ ಇಲ್ಲ. ನಾನು ಸಿಟ್ಟನ್ನು ಗೆದ್ದ ಹಾಗಾಯಿತಲ್ಲವೆ?"

ಶಿಷ್ಯ ಮರುಳಯ್ಯ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಬೇಸಿಗೆ ಆಗತಾನೆ ಕಾಲಿಡುತ್ತಿತ್ತು. ಮರುಳಯ್ಯನೂ ಎದುರಿಗೆ ಕುಳಿತು ಕೈ ಜೋಡಿಸಿದ್ದ.

ಅವನು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ ಅದು. ಬರುವ ಶ್ರಾವಣದಲ್ಲಿ ದೀಕ್ಷೆ ಸಿಗಬೇಕೆಂದು ಅವನ ಜೀವ ಹಾತೊರೆಯುತ್ತಿತ್ತು. ಹಿಂದೊಮ್ಮೆ ಹೊಲದ ಬದುವಿನ ವಿಚಾರಕ್ಕೆ ಒಡಹುಟ್ಟಿದ ಅಣ್ಣನ ಮೇಲೆಯೇ ಗುದ್ದಲಿ ಎತ್ತಿದವನು ಅವನು. ನಾಲ್ಕು ಜನ ಹಿಡಿದುಕೊಂಡಿದ್ದರಿಂದ ಅನಾಹುತ ತಪ್ಪಿತು. ಅದೇ ನಾಚಿಕೆಯಲ್ಲಿ ಊರು ಬಿಟ್ಟು ಮಠ ಸೇರಿದ. ಆಮೇಲೆ ಆ ಕಡೆ ತಲೆ ಹಾಕಿ ಮಲಗಿದವನೂ ಅಲ್ಲ. ಮಠದಲ್ಲಿ ಬೇವಿನ ಮರದ ನೆರಳು, ಹೊತ್ತಿಗೆ ಸರಿಯಾಗಿ ಊಟ, ಬಂದವರೆಲ್ಲ ಬಹುವಚನದಲ್ಲಿ ಮಾತಾಡಿಸುವವರು. ಸಿಟ್ಟು ಎಲ್ಲಿಗೆ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಗುರುಗಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. "ನೀನು ಕಡಲು ನೋಡಿದ್ದೀಯಾ?" ಎಂದರು.

"ಇಲ್ಲ ಬುದ್ಧಿ."

"ಹಾಗಾದರೆ ಕೇಳು. ಕೈ ಜೋಡಿಸಿ ಕೂರಬೇಡ, ಹುಣಸೆಹಣ್ಣು ಬಿಡಿಸುತ್ತ ಕೇಳು."

ಕಡಲ ಸೀಮೆಯಲ್ಲಿ ಒಬ್ಬ ರೈತನಿದ್ದ. ಹೊಳೆ ಹೋಗಿ ಕಡಲು ಸೇರುವ ಕಡೆ, ತಗ್ಗಿನಲ್ಲಿ ಅವನ ಊರಿನ ಗದ್ದೆಗಳಿದ್ದವು. ಉಬ್ಬರ ಬಂದಾಗಲೆಲ್ಲ ಉಪ್ಪುನೀರು ಹೊಳೆಯಲ್ಲಿ ಏರಿ ಬರುತ್ತಿತ್ತು. ಅದನ್ನು ತಡೆದು ನಿಲ್ಲಿಸಿದ್ದು ಒಂದೇ ಒಂದು ಜೇಡಿಮಣ್ಣಿನ ಒಡ್ಡು. ಒಡ್ಡಿನ ಆಚೆ ಉಪ್ಪು, ಈಚೆ ಅನ್ನ. ಒಡ್ಡು ಒಡೆದರೆ ಬತ್ತವೂ ಹೋಯಿತು, ಕುಡಿಯುವ ನೀರಿನ ಕೆರೆಯೂ ಹೋಯಿತು. ಅದನ್ನು ನೋಡಿಕೊಳ್ಳುವ ಹೊಣೆಯನ್ನು ಊರವರು ಈ ರೈತನಿಗೆ ಒಪ್ಪಿಸಿದ್ದರು.

ಮೈಮುರಿಯುವ ಕೆಲಸ ಹೌದು, ತಲೆ ಕೆಡಿಸಿಕೊಳ್ಳುವ ಕೆಲಸವಲ್ಲ. ಏಡಿಗಳು ವರ್ಷವಿಡೀ ಒಡ್ಡಿನೊಳಗೆ ಬಿಲ ಕೊರೆಯುತ್ತವೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆದರೆ ಆ ಸೀಮೆಯ ಬೇಸಿಗೆ ಎಂದರೆ ಬೆಂಕಿ. ಬಿಸಿಲಿಗೆ ಮಣ್ಣು ಕಾದಾಗ ಒಳಗೆ ಎಲ್ಲಿ ಟೊಳ್ಳೋ ಅಲ್ಲಿ ಬಿರುಕು ಬಿಡುತ್ತದೆ. ರೈತ ಬಿರುಕು ಕಂಡಲ್ಲಿ ಅಗೆದು, ಹಸಿ ಜೇಡಿ ತುಂಬಿ, ದಿಮ್ಮಸಿನಿಂದ ಬಡಿದು ಗಟ್ಟಿ ಮಾಡುತ್ತಿದ್ದ. ಮಳೆಗಾಲ ಬರುವಷ್ಟರಲ್ಲಿ ಒಡ್ಡು ಸಿದ್ಧವಾಗುತ್ತಿತ್ತು. ಬಿಸಿಲಿಗೆ ಅವನು ಬೈಯದ ದಿನವಿರಲಿಲ್ಲ. ತನ್ನ ಅರ್ಧ ಕೆಲಸವನ್ನು ಆ ಬಿಸಿಲೇ ಮಾಡಿಕೊಡುತ್ತಿದೆ ಎಂದು ಅವನಿಗೆ ಹೊಳೆದೂ ಇರಲಿಲ್ಲ.

ಒಂದು ವರ್ಷ ಬೇಸಿಗೆ ಬರಲೇ ಇಲ್ಲ. ಚೈತ್ರ ಕಳೆದು ವೈಶಾಖ ಬಂತು. ಬೆಳಗಾದರೆ ಮೋಡ, ಸಂಜೆಯಾದರೆ ತಂಗಾಳಿ, ನಡುನಡುವೆ ಹನಿಮಳೆ. ಬೀಸಣಿಗೆಗಳು ಮೂಲೆ ಸೇರಿದವು. ಮದುವೆಯ ಊಟಕ್ಕೆ ಕುಳಿತವರ ಬೆನ್ನಿನಲ್ಲಿ ಬೆವರಿಲ್ಲ. ಹುಟ್ಟಿದಾಗಿನಿಂದ ಇಂಥ ತಂಪು ಕಂಡಿಲ್ಲವೆಂದು ಮುದುಕರು ದೇವರಿಗೆ ಕೈ ಮುಗಿದರು. ಒಡ್ಡು ಎಣ್ಣೆ ಹಚ್ಚಿ ಒರೆಸಿದ ಹಾಗೆ ನುಣ್ಣಗಿತ್ತು. ಹುಡುಕಿದರೂ ಒಂದು ಬಿರುಕಿಲ್ಲ. ಈ ವರ್ಷ ಒಡ್ಡಿನ ಚಿಂತೆ ಬಿಟ್ಟು ಹಾಯಾಗಿ ಮಲಗು ಎಂದು ಊರ ಪಟೇಲರೇ ರೈತನಿಗೆ ಹೇಳಿದರು. ಅವನೂ ಮಲಗಿದ. ಪಾಪ, ಅವನದೇನು ತಪ್ಪು? ಆ ತಂಪಿಗೆ ಯಾರಿಗೆ ನಿದ್ದೆ ಬರುವುದಿಲ್ಲ?

ಒಂದು ಮಧ್ಯಾಹ್ನ ಅವನ ಹೆಂಡತಿ ಸಂತೆಯಿಂದ ಹೊಸ ಮಣ್ಣಿನ ಗಡಿಗೆ ತಂದಳು. ಅಡಿಗೆಗೆ ಹಿಡಿಯುವ ಮೊದಲು ಪಳಗಿಸಲೆಂದು ಗಂಜಿ ತಿಳಿ ಹಾಕಿ ಒಲೆಯ ಮೇಲೆ ಇಟ್ಟಳು. ಸ್ವಲ್ಪ ಹೊತ್ತಿಗೆ ಗಡಿಗೆ ಟಪ್ ಎಂದು ಸೀಳಿತು. ಗಂಜಿಯೆಲ್ಲ ಒಲೆಪಾಲು.

"ಸಂತೇಲಿ ಬಾರಿಸಿ ನೋಡಿದ್ದೆ, ಗಂಟೆ ಹೊಡೆದ ಹಾಗೆ ಕೇಳ್ತಿತ್ತು. ಒಲೆ ಮೇಲೆ ಇಟ್ಟ ಮೇಲೆ ಇದ್ರ ಬಣ್ಣ ಗೊತ್ತಾಯ್ತು ಕಾಣಿ!" ಎಂದು ಅವಳು ಗೊಣಗಿದಳು.

ಬೇರೆ ಯಾರಾದರೂ ಆಗಿದ್ದರೆ ಕುಂಬಾರನಿಗೆ ಎರಡು ಬೈದು ಮಗ್ಗುಲು ಬದಲಿಸುತ್ತಿದ್ದರು. ಈ ರೈತ ಎದ್ದು ಕುಳಿತ. ಒಡೆದ ಗಡಿಗೆಯನ್ನು ನೋಡಿದ. ಆಮೇಲೆ ಹೊರಗೆ ಬಂದು ನುಣ್ಣಗಿದ್ದ ಒಡ್ಡನ್ನು ನೋಡಿದ. ಅವನ ನಿದ್ದೆ ಅಲ್ಲಿಗೆ ಮುಗಿಯಿತು.

ಒಡ್ಡಿಗೆ ಬೆಂಕಿ ಹಾಕಬೇಕೆಂದು ಅವನು ಮನೆಮನೆಗೆ ಹೋಗಿ ಸೌದೆ ಕೇಳಿದ. ಕೇಳಿದವರೆಲ್ಲ ನಕ್ಕರು. ಕೊಟ್ಟವರು ಯಾರೂ ಇಲ್ಲ. ಆಗ ಅವನು ತನ್ನ ಅಂಗಳಕ್ಕೇ ಬಂದ. ಮಳೆಗಾಲಕ್ಕೆ ಮೊದಲು ಮನೆಯ ಮಾಡಿಗೆ ಹೊದಿಸಲೆಂದು ಹೆಣೆದಿಟ್ಟ ತೆಂಗಿನ ಗರಿಯ ಮಡಲುಗಳು ಅಲ್ಲಿ ರಾಶಿ ಬಿದ್ದಿದ್ದವು. ಅವನು ಒಂದು ಹೊರೆ ಎತ್ತಿ ತಲೆಯ ಮೇಲಿಟ್ಟುಕೊಂಡ.

ಹೆಂಡತಿ ಬಾಗಿಲಿಗೆ ಬಂದು ನಿಂತಳು. "ಮಳೆಗೆ ಮನೆ ಸೋರೂದಿಲ್ವಾ?"

"ಮನೆ ಸೋರಿದ್ರೆ ಅಡಿಗೆ ಪಾತ್ರೆ ಇಡ್ಲಕ್ಕು. ಒಡ್ಡು ಸೋರಿದ್ರೆ ಎಂತ ಇಡ್ತೆ?"

ತಿಂಗಳುಗಟ್ಟಲೆ ಬೆರಳು ಸವೆಸಿ ಹೆಣೆದವಳು ಅವಳೇ. ಆದರೂ ಸೆರಗು ಸುತ್ತಿ ಸಿಂಬಿ ಮಾಡಿಕೊಂಡು ತಾನೂ ಒಂದು ಹೊರೆ ಎತ್ತಿಕೊಂಡಳು. ಮರುಳಯ್ಯ, ಆ ರೈತ ದೊಡ್ಡವನು ಎಂದು ನಾನು ಹೇಳಿದರೆ ಈ ಹೆಂಗಸನ್ನೂ ಸೇರಿಸಿಯೇ ಹೇಳುತ್ತೇನೆ ಎಂದು ತಿಳಿ.

ಒಡ್ಡಿನ ಒಂದು ತುದಿಯಿಂದ ಇಬ್ಬರೂ ಬೆಂಕಿ ಹಾಕುತ್ತ ಬಂದರು. ಉರಿದಷ್ಟು ಜಾಗ ಆರಿದ ಮೇಲೆ ರೈತ ಬೂದಿ ಸರಿಸಿ ಕೈಯಾಡಿಸಿ ನೋಡುವನು. ಮಣ್ಣು ಕಪ್ಪಾಗಿರುತ್ತಿತ್ತು, ಬಿರುಕು ಬಿಟ್ಟಿರುತ್ತಿರಲಿಲ್ಲ. ಮುಂದಕ್ಕೆ ಹೋಗುವನು. ಅಲ್ಲಿಯೂ ಹಾಗೆಯೇ. ದಿನಗಳು ಹೋದವು, ಮಡಲಿನ ರಾಶಿ ಕರಗಿತು, ಬಿರುಕು ಮಾತ್ರ ಕಾಣಲಿಲ್ಲ. ನೋಡಲು ಬಂದವರಿಗೆ ಅದೊಂದು ಮೋಜಾಯಿತು. ಅವನಿಗೂ ಒಳಗೊಳಗೇ ಅಳುಕು ಹುಟ್ಟಿತು. ತಲೆ ಮೇಲಿನ ಮಾಡನ್ನೇ ಸುಟ್ಟುಕೊಂಡೆನಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಆದರೂ ಕೈ ಬಿಡಲಿಲ್ಲ.

ಒಡ್ಡಿನ ನಡುವೆ, ಪಟೇಲರು ಆ ಬೇಸಿಗೆಯಿಡೀ ಗಾಳಿಗೆ ಕೂರುತ್ತಿದ್ದ ಜಾಗಕ್ಕೆ ಬೆಂಕಿ ಬಂತು. ಅಷ್ಟು ನುಣುಪು, ಅಷ್ಟು ಚಂದದ ಜಾಗ ಇಡೀ ಒಡ್ಡಿನಲ್ಲಿ ಇನ್ನೊಂದಿರಲಿಲ್ಲ. ಪಟೇಲರು ಎದ್ದು ನಿಂತರು.

"ನಿಂಗೆ ಎಂತ ಆಯ್ತು ಮಾರಾಯ? ದೇವರು ಒಂದು ವರ್ಷ ತಂಪು ಕೊಟ್ರೆ ನೀ ಬೆಂಕಿ ಹಾಕ್ತೆ ಅಲ್ಲ!"

"ಈ ವರ್ಷ ಬಿಸಿಲು ಬರ್ಲಿಲ್ಲ ಒಡೆಯಾ. ಅದ್ರ ಕೆಲಸ ಯಾರಾದ್ರೂ ಮಾಡ್ಬೇಕಲ್ಲ" ಎಂದು ರೈತ ಮಡಲು ಹರಡಿದ.

ಬೆಂಕಿ ಉರಿಯಿತು, ಆರಿತು. ರೈತ ಬೂದಿ ಸರಿಸುತ್ತಿದ್ದಂತೆ ಮಣ್ಣು ಸೀಳಿ ಒಳಕ್ಕೆ ಕುಸಿಯಿತು. ಅವನು ಮೊಣಕಾಲೂರಿ ತೂತಿಗೆ ಕೈ ಹಾಕಿದ. ತೋಳು ಭುಜದವರೆಗೆ ಒಳಗೆ ಹೋಯಿತು. ಆಚೆ ಬದಿಯ ಹೊಳೆಯ ತಣ್ಣನೆ ನೀರು ಬೆರಳಿಗೆ ತಾಗಿತು. ಕೈ ಹೊರಗೆ ತೆಗೆದಾಗ ಅದರ ಹಿಂದೆಯೇ ಒಂದು ಏಡಿ ಹತ್ತಿ ಬಂದು ಪಟೇಲರ ಕಾಲ ಬಳಿಯಿಂದ ಅಡ್ಡಡ್ಡ ನಡೆದುಹೋಯಿತು.

ಪಟೇಲರು ತಾವು ಇಷ್ಟು ದಿನ ಕುಳಿತಿದ್ದ ಜಾಗವನ್ನು ನೋಡಿದರು. ಹೆಗಲ ಶಾಲು ತೆಗೆದಿಟ್ಟು ಜೇಡಿ ಹೊರಲು ಹೊರಟರು. ಹಿರಿಯರು ಬುಟ್ಟಿ ಎತ್ತಿದ ಮೇಲೆ ಕಿರಿಯರು ನಿಲ್ಲುತ್ತಾರೆಯೇ? ಯಾರ ಬಾಗಿಲಲ್ಲಿ ಸೌದೆ ಸಿಕ್ಕಿರಲಿಲ್ಲವೋ ಅಲ್ಲಿಂದಲೇ ಗಾಡಿಗಟ್ಟಲೆ ಸೌದೆ ಬಂತು. ಉಳಿದ ಒಡ್ಡನ್ನು ಊರಿಗೆ ಊರೇ ನಿಂತು ಸುಟ್ಟು ನೋಡಿತು. ಇನ್ನೂ ಹಲವು ಕಡೆ ಟೊಳ್ಳು ಸಿಕ್ಕಿತು.

ಆ ವರ್ಷ ಮಳೆ ಜೋರಾಗಿ ಹಿಡಿಯಿತು. ಅಮಾವಾಸ್ಯೆಯ ಉಬ್ಬರ, ಹೊಳೆಯ ನೆರೆ ಎರಡೂ ಒಟ್ಟಿಗೆ ಬಂದವು. ಎದುರು ದಡದ ಊರಿನ ಒಡ್ಡೂ ಅಷ್ಟೇ ನುಣ್ಣಗಿತ್ತು, ಅಲ್ಲಿಯೂ ಜನ ತಂಪಿಗೆ ಕೈ ಮುಗಿದು ಮಲಗಿದ್ದರು. ಅವರ ಒಡ್ಡು ಒಡೆದು ಗದ್ದೆಯೆಲ್ಲ ಉಪ್ಪಾಯಿತು. ಈ ರೈತನ ಒಡ್ಡು ಕಡಲಿಗೆ ಎದೆಗೊಟ್ಟು ನಿಂತಿತು. ಎದುರು ದಡದವರಿಗೂ ಆ ವರ್ಷ ಅನ್ನ ಹೋದದ್ದು ಈ ಗದ್ದೆಗಳಿಂದಲೇ. ರೈತನ ಮನೆ ಮಾತ್ರ ಮಳೆಗಾಲವಿಡೀ ಸೋರಿತು. ಗಂಡ ಹೆಂಡತಿ ಸೋರಿದಲ್ಲೆಲ್ಲ ಪಾತ್ರೆ ಇಟ್ಟು, ಉಳಿದ ಒಣ ಜಾಗದಲ್ಲಿ ನೆಮ್ಮದಿಯಾಗಿ ಮಲಗಿದರು.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಕಣ್ಣು ತುಂಬಿ ಬಂದಿತ್ತು.

"ಎಂಥಾ ಮನುಷ್ಯ ಬುದ್ಧೀ!" ಎಂದ. "ಎಲ್ಲರೂ ತಂಪಾಗಿದೆ ಅಂತ ಮಲಗಿದ್ದಾಗ ತಾನಾಗಿ ಬೆಂಕಿ ಹಚ್ಚಿ ನೋಡಿದನಲ್ಲ! ಅಂಥವನು ಸಿಕ್ಕರೆ ನಾನು ಕಾಲಿಗೆ ಬೀಳುತ್ತೇನೆ. ಶ್ರಾವಣದಲ್ಲಿ ನನಗೆ ದೀಕ್ಷೆ ಕೊಡುವಾಗ ಅವನಿಗಿದ್ದ ಎಚ್ಚರ ನನಗೂ ಇರಲಿ ಎಂದು ಹರಸಿ."

ಗುರುಗಳು ಮಡಿಲಲ್ಲಿ ಬಿದ್ದಿದ್ದ ಹುಣಸೆಬೀಜ ಕೊಡವಿದರು.

"ಈ ಬೇಸಿಗೆಯನ್ನು ನಿಮ್ಮ ಅಣ್ಣನ ಮನೆಯಲ್ಲಿ ಕಳೆದು ಬಾ" ಎಂದರು.

ಅಣ್ಣ ಎಂಬ ಮಾತು ಕಿವಿಗೆ ಬಿದ್ದದ್ದೇ ಮರುಳಯ್ಯನ ಮುಷ್ಟಿ ತಾನಾಗಿ ಬಿಗಿಯಿತು. ಬೆರಳ ಸಂದಿಯಿಂದ ಹುಣಸೆಹಣ್ಣು ಹಿಸುಕಿ ಬಂದದ್ದನ್ನು ಅವನೇ ಮೊದಲು ಕಂಡ.