ಚೆಲ್ಲಾಪಿಲ್ಲಿ ಹುಟ್ಟಿದ್ದು ಎಲ್ಲಿ?

“ಕುಮಾರಿ ಪದುಮಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಕುಮಾರಿಯೂ ಅರ್ಧ ರಾಜ್ಯವೂ. ಸೋತವನಿಗೆ ತಲೆದಂಡ. ಕೇಳ್ರಪ್ಪೋ ಕೇಳಿ” ಅಂತ ಹೊಳಲೂರಿನ ದೊರೆ ಡಂಗುರ ಹೊಡೆಸಿದ.

ಮೊದಲು ಬಂದವನು ನೆರೆರಾಜ್ಯದ ಯುವರಾಜ. ಕುಮಾರಿ ಕೇಳಿದಳು: “ಕಾಳು ಚೀಲದೊಳಗೆ ಇರುವಾಗ ನನ್ನನ್ನು ಯಾರೂ ನೆನೆಯುವುದಿಲ್ಲ. ಚೀಲ ಹರಿದರೆ ಎಲ್ಲರ ಬಾಯಲ್ಲೂ ನಾನೇ. ನಾನು ಯಾವ ಮಾತು?”

“ಅಯ್ಯೋ ಅನ್ನುವ ಮಾತು” ಎಂದ ಯುವರಾಜ. ಅವನನ್ನು ಸೆರೆಗೆ ಒಯ್ದರು. ಅಲ್ಲಿ ಆ ಮಾತನ್ನು ಬಹಳ ಸಲ ಹೇಳಿದನಂತೆ.

ಆಮೇಲೆ ಬಂದವರು ಪಂಡಿತ ಶೇಷಾವಧಾನಿಗಳು. “ಚೆಲ್ಲಾಪಿಲ್ಲಿ” ಎಂದರು. ಸರಿಯಾಗಿತ್ತು. ಕುಮಾರಿ ಎರಡನೆಯದನ್ನು ಕೇಳಿದಳು:

“ಅದರಲ್ಲಿ ‘ಚೆಲ್ಲಾ’ಗೆ ಅರ್ಥವಿದೆ, ‘ಪಿಲ್ಲಿ’ಗೆ ಇಲ್ಲ. ಆದರೂ ಅದನ್ನು ಯಾಕೆ ಸಾಕಿದ್ದೇವೆ?”

“ದಂಡದ ಮಾತು. ತೆಗೆದುಹಾಕಬೇಕು.”

ಅವರನ್ನೂ ಒಯ್ದರು. ಬೆಳಗಾದರೆ ಇಬ್ಬರ ತಲೆಯೂ ಹೋಗಬೇಕು.

ಪಂಡಿತರ ಗಾಡಿ ಹೊಡೆದುಕೊಂಡು ಬಂದಿದ್ದವನು ಚಿಕ್ಕೀರ. ದಾರಿಯುದ್ದಕ್ಕೂ ತಮ್ಮ ಬುತ್ತಿಯಲ್ಲಿ ಅವನಿಗೂ ಪಾಲು ಕೊಟ್ಟಿದ್ದ ಮನುಷ್ಯ ಅವರು. ಚಿಕ್ಕೀರ ನೇರ ಸಭೆಗೆ ಹೋದ.

“ಬುದ್ಧಿ, ನಾನು ಹೇಳ್ತೀನಿ. ಗೆದ್ದರೆ ಒಳಗಿರೋ ಇಬ್ಬರನ್ನೂ ಬಿಡಬೇಕು.”

“ಸೋತರೆ?” ಎಂದ ದೊರೆ.

“ಮೂರನೇ ತಲೆ ಇಲ್ಲೇ ಅದೆ.”

ಮೊದಲನೆಯದರ ಉತ್ತರ ಸಭೆಗೆಲ್ಲ ತಿಳಿದುಹೋಗಿತ್ತು; ಕುಮಾರಿ ಎರಡನೆಯ ಒಗಟನ್ನೇ ಮತ್ತೆ ಕೇಳಿದಳು.

“ಹೊಸ ಹೋರೀನ ಪಳಗಿಸುವಾಗ ಹಳೇ ಎತ್ತಿನ ಜೊತೆ ನೊಗಕ್ಕೆ ಕಟ್ತೀವಿ ಅಮ್ಮಣ್ಣಿ. ಹೋರಿಗೆ ದಾರಿ ತಿಳಿಯದು, ಊರು ತಿಳಿಯದು. ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕ್ತದೆ, ಅಷ್ಟೆ. ಹಂಗಂತ ಬಿಚ್ಚಿಬಿಟ್ಟರೆ ಎತ್ತು ಒಂದೇ ಗಾಡಿ ಎಳೀತದಾ? ‘ಪಿಲ್ಲಿ’ ಆ ಹೋರಿ.”

ದೊರೆ ಕೂತಲ್ಲೇ ಮುಂದಕ್ಕೆ ಬಾಗಿದ.

“ಸರಿ. ಆ ಮಾತು ಹುಟ್ಟಿದ್ದು ಎಲ್ಲಿ?” ಎಂದು ಕುಮಾರಿ ಮೂರನೆಯದನ್ನು ಕೇಳಿದಳು.

ಚಿಕ್ಕೀರ ತಲೆ ಕೆರೆದುಕೊಂಡ. ಕತ್ತಿ ಹಿಡಿದವನು ಒಂದು ಹೆಜ್ಜೆ ಹತ್ತಿರ ಬಂದ.

“ಊರು ಗೊತ್ತಿಲ್ಲ. ಎಂಥವರ ಬಾಯಲ್ಲಿ ಅಂತ ಹೇಳಬಲ್ಲೆ. ಮನೆಯ ಕಾಳೆಲ್ಲ ಬೀದಿಪಾಲಾಗಿ, ಬಗ್ಗಿ ಒಂದೊಂದೇ ಆಯುವಾಗಲೂ ನಕ್ಕವಳೊಬ್ಬಳು ಇದ್ದಿರಬೇಕು. ಸಿಟ್ಟು ಬಂದೋರಿಗೆ ಬೈಗಳ ಬರ್ತದೆ ಅಮ್ಮಣ್ಣಿ, ಇಂಥ ಜೋಡಿಮಾತು ಹೊಳೆಯಲ್ಲ.”

ಕುಮಾರಿ ದೊರೆಯ ಕಡೆ ತಿರುಗಿದಳು. “ಅಪ್ಪಾಜಿ, ಈ ಒಗಟಿಗೆ ಇಷ್ಟು ದಿನ ನನ್ನ ಹತ್ತಿರವೂ ಉತ್ತರವಿರಲಿಲ್ಲ. ಈಗ ಸಿಕ್ಕಿತು.”

ಸೆರೆಯ ಬಾಗಿಲು ತೆರೆಯಿತು. ಚಿಕ್ಕೀರನಿಗೆ ಅರ್ಧ ರಾಜ್ಯ ಬಂತು, ಕುಮಾರಿಯ ಕೈಯೂ ಬಂತು. ಬೆಳಿಗ್ಗೆ ಉರುಳಬೇಕಿದ್ದ ತಲೆಗೆ ರುಮಾಲು ಸುತ್ತಿಕೊಂಡು ಧಾರೆಯ ಮಂತ್ರ ಹೇಳಿದವರು ಶೇಷಾವಧಾನಿಗಳೇ.