ಕಪ್ಪು ರಾಳದ ಕೆಳಗೆ

ತುಂಗಭದ್ರೆಯ ದಂಡೆಯಲ್ಲಿ ಮೌನೇಶಾಚಾರ್ಯರ ಆಶ್ರಮ. ಆಶ್ರಮ ಅಂದರೆ ಜಪತಪ ಏನಿಲ್ಲ. ಒಂದು ಹೆಂಚಿನ ಮನೆ, ಇಬ್ಬರು ಶಿಷ್ಯರು, ಕೈಯಲ್ಲಿ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್.

ಗುರುಗಳು ಹೆಡ್‌ಫೋನಿಗೆ ಹಾಕುವ ಆಂಪ್ಲಿಫೈಯರ್ ಮಾಡುತ್ತಿದ್ದರು. ಅದರಲ್ಲಿ ಒಮ್ಮೆ ಹಾಡು ಕೇಳಿದವರು ಅಂಗಡಿಯ ಮಾಲನ್ನು ಮತ್ತೆ ಮೂಸಿಯೂ ನೋಡುತ್ತಿರಲಿಲ್ಲ.

ಮುಂಚೆ ಪೆಟ್ಟಿಗೆ ಬಿಚ್ಚಿದರೆ ಒಳಗಿನದೆಲ್ಲ ಕಾಣುತ್ತಿತ್ತು. ಈಚೆಗೆ ನಡುಭಾಗದ ಮೇಲೆ ಕಪ್ಪು ರಾಳ ಸುರಿದು ಗಟ್ಟಿ ಮಾಡತೊಡಗಿದರು.

"ಇದರ ಕೆಳಗೆ ಏನಿದೆ ಸ್ವಾಮಿ?" ಅಂತ ಕೊಳ್ಳಲು ಬಂದವರು ಕೇಳುವರು.

ಗುರುಗಳು ಸುಮ್ಮನೆ ನಗುವರು. ನಕ್ಕಷ್ಟೂ ಗಿರಾಕಿ ಬೆಲೆ ಏರಿಸುವನು. ಜನವೇ ಹಾಗೆ, ಮುಚ್ಚಿಟ್ಟದ್ದರ ಮೇಲೆ ಎಲ್ಲಿಲ್ಲದ ಆಸೆ.

ಹಿರಿಯ ಶಿಷ್ಯ ನಿಂಗರಾಜ ಗುರುಗಳ ಕೈ ನೋಡಿ ನೋಡಿಯೇ ಬೆಸುಗೆ ಕಲಿತವನು. ಅವರ ಬೆಸುಗೆ ಸಾಸಿವೆ ಕಾಳಿನ ಹಾಗೆ ದುಂಡಗೆ ಕೂರುತ್ತಿತ್ತು. ಇವನದೂ ಹಾಗೇ. ನಡುಭಾಗ ಬಿಟ್ಟು ಉಳಿದ ಬೆಸುಗೆಯೆಲ್ಲ ಇವನೇ ಹಾಕುತ್ತಿದ್ದ.

ಕಿರಿಯವನು ಹಾಲಪ್ಪ, ಈಚೆಗೆ ಬಂದವನು. ಐರನ್ ಹಿಡಿಯಲೂ ನೆಟ್ಟಗೆ ಬಾರದು. ಆದರೆ ಆ ನಡುಭಾಗದ ಕೆಲಸ ಬಂದಾಗ ಗುರುಗಳು "ಹಾಲಪ್ಪಾ, ಬಾರೋ" ಅಂತ ಅವನನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ನಿಂಗರಾಜನಿಗೆ ಹೊಟ್ಟೆ ಉರಿಯಿತು. ಉರಿಯದೆ ಏನು? ತಮ್ಮ ನಂತರ ಆಶ್ರಮ ಯಾರ ಕೈಗೆ ಅಂತ ಗುರುಗಳು ಇನ್ನೂ ಬಾಯಿಬಿಟ್ಟಿರಲಿಲ್ಲ. ಗುಟ್ಟು ಯಾರಿಗೋ ಗದ್ದುಗೆಯೂ ಅವನಿಗೇ ಅಂತ ಇವನ ಲೆಕ್ಕ.

"ಒಳಗೆ ಏನು ಮಾಡ್ತೀರೋ?" ಅಂತ ಒಮ್ಮೆ ಹಾಲಪ್ಪನನ್ನು ಹಿಡಿದು ಕೇಳಿದ.

"ಹೇಳಬಾರದು ಅಂದಿದ್ದಾರೆ ಅಣ್ಣ."

"ನನಗೂ?"

ಹಾಲಪ್ಪ ತಲೆ ತಗ್ಗಿಸಿದ. "ನಿಮಗೇ ಹೇಳಬಾರದಂತೆ."

ಮುಗಿಯಿತು. ಅಂದಿನಿಂದ ನಿಂಗರಾಜನಿಗೆ ಅನ್ನ ಸೇರಲಿಲ್ಲ. ಹಾಲಪ್ಪ ಕೆಮ್ಮಿದರೂ ಸಿಟ್ಟು, ನಕ್ಕರಂತೂ ಕೇಳಲೇಬೇಡಿ.

ಒಂದು ಬೆಳಿಗ್ಗೆ ಗುರುಗಳು ಹೊಳೆಗೆ ಸ್ನಾನಕ್ಕೆ ಹೋದರು. ನಿಂಗರಾಜ ಗಿರಾಕಿಗೆಂದು ಕಟ್ಟಿಟ್ಟಿದ್ದ ಪೆಟ್ಟಿಗೆಯನ್ನು ಬಿಚ್ಚಿದ. ಐರನ್ ಕಾಯಿಸಿ ರಾಳಕ್ಕೆ ಬಿಸಿ ಕೊಟ್ಟ, ಉಳಿ ಇಟ್ಟು ಸೀಳಿದ. ಅಷ್ಟು ಒಳ್ಳೆಯ ಆಂಪ್ಲಿಫೈಯರ್ ಹಾಳಾಯಿತು. ಆಗಲಿ ಅಂದುಕೊಂಡ.

ಕೆಳಗೆ ನೋಡಿದರೆ ಹೊಸದೇನೂ ಇಲ್ಲ! ಅದೇ ಹಳೆಯ ಟ್ರಾನ್ಸಿಸ್ಟರುಗಳು, ತಾನೇ ಆರಿಸಿಕೊಟ್ಟ ಜೋಡಿಗಳು. ಬೆಸುಗೆ ಮಾತ್ರ ಅಡ್ಡಾದಿಡ್ಡಿ. ಒಂದು ಕಡೆ ಸೀಸ ಹರಿದು ಗುಪ್ಪೆಯಾಗಿದೆ, ಇನ್ನೊಂದು ಕಡೆ ಬಿಸಿ ತಾಗಿ ಸರ್ಕಿಟ್ ಹಲಗೆ ಕಪ್ಪಾಗಿದೆ.

ಗುರುಗಳು ಒದ್ದೆ ಪಂಚೆಯಲ್ಲಿ ಬಾಗಿಲಿಗೆ ಬಂದರು.

"ಒಡೆದೆಯಾ?"

"ಒಡೆದೆ!" ನಿಂಗರಾಜ ಉಳಿಯನ್ನು ನೆಲಕ್ಕೆ ಎಸೆದ. "ಗುಟ್ಟಿಲ್ಲ, ಮಣ್ಣಿಲ್ಲ! ನನ್ನನ್ನು ಹೊರಗೆ ಕೂರಿಸಿ ಈ ಗಲೀಜು ಬೆಸುಗೆಯವನಿಗೆ ಬಾಗಿಲು ತೆಗೆದಿರಿ. ಅವನ ತಪ್ಪು ಮುಚ್ಚೋಕೆ ಮೇಲೆ ರಾಳ ಬೇರೆ! ನಾನು ನಿಮಗೆ ಏನು ಕಡಿಮೆ ಮಾಡಿದ್ದೆ ಗುರುಗಳೇ?"

"ಅದು ಹಾಲಪ್ಪನ ಬೆಸುಗೆ ಅಂತ ಯಾರು ಹೇಳಿದರು?"

"ಹೇಳಬೇಕಾ? ನಿಮ್ಮ ಕೈ ನನಗೆ ಗೊತ್ತಿಲ್ವಾ? ನನ್ನ ಕೈ ನನಗೆ ಗೊತ್ತಿಲ್ವಾ? ಉಳಿದವನು ಅವನೊಬ್ಬನೇ!"

ಗುರುಗಳು ಬಂದು ಮಣೆಯ ಮೇಲೆ ಕೂತರು. ಕಾದ ಐರನ್ ಎತ್ತಿಕೊಂಡು, ಮುರಿದ ಹಲಗೆಯ ಮೇಲೆ ಒಂದು ಬೆಸುಗೆ ಹಾಕಲು ಹೋದರು.

ಐರನ್ನಿನ ತುದಿ ಹಲಗೆಗೆ ಟಕಟಕ ಬಡಿಯಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಒತ್ತಿ ಹಿಡಿದರು. ಆದರೂ ನಡುಕ ನಿಲ್ಲಲಿಲ್ಲ. ಸೀಸ ಹರಿದು ಪಕ್ಕಕ್ಕೆ ಗುಪ್ಪೆಯಾಯಿತು.

ನಿಂಗರಾಜ ನೋಡಿದ. ಉರಿಯೆಲ್ಲ ಎಲ್ಲಿ ಹೋಯಿತೋ, ಗುರುಗಳ ಎದುರಿಗೆ ನೆಲದ ಮೇಲೆ ಕೂತುಬಿಟ್ಟ.

"ಹಾಲಪ್ಪ ನನ್ನ ಮಣಿಕಟ್ಟು ಹಿಡಿದುಕೊಳ್ತಾನೆ, ಅಷ್ಟೇ," ಅಂದರು ಗುರುಗಳು.

"ನನ್ನನ್ನು ಕರೆದಿದ್ದರೆ ನಾನು ಹಿಡಿದುಕೊಳ್ತಿರಲಿಲ್ವಾ?" ನಿಂಗರಾಜ ಅಳುತ್ತಿದ್ದ. "ಅವನನ್ನು ಯಾಕೆ ಕರೆದಿರಿ?"

ಗುರುಗಳು ಐರನ್ ಕೆಳಗಿಟ್ಟರು.

"ಅವನು ನನ್ನ ಕೈ ಚೆನ್ನಾಗಿದ್ದಾಗ ನೋಡಿದವನಲ್ಲ ಕಣೋ. ನೀನು ನೋಡಿದ್ದೆ."